‘ಕಮಲ’ ಬರೆದರೆ ‘ಕೆ ಎಂ ಎಲ್’ ಅನ್ನುತ್ತದೆ!

ಪ್ರಶ್ನೆ: ಕಣ್ಣು ಕಾಣದ ನನ್ನ ಮಗಳು ಬ್ರೈಲ್ ನೋಟ್‌ಟೇಕರ್‌ನಲ್ಲಿ (ಚುಕ್ಕಿ ಲಿಪಿಯಲ್ಲಿ ಬರೆದದ್ದನ್ನು ಓದಿ ಹೇಳುವ ಯಂತ್ರ) ‘ಕಮಲ’ ಅಂತ ಬರೆದರೆ ಅದು ‘ಕೆ ಎಂ ಎಲ್’ ಎಂದು ಓದುತ್ತದೆ. ಯಂತ್ರ ಕೆಟ್ಟಿದೆಯೇ?
– ಓದುಗರು, ಮಂಡ್ಯ

ಉತ್ತರ: ಇಲ್ಲಮ್ಮ, ಸುಮ್ನೆ ರಿಪೇರಿಗೆ ದುಡ್ಡು ಸುರಿಯಬೇಡಿ. ನಮ್ಮ ದೇಶದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ‘ಕ’ ಅಂದರೆ ಆರು ಚುಕ್ಕಿಗಳ ಪೈಕಿ 1 ಮತ್ತು 3ನೇ ಚುಕ್ಕಿ. ಇಂಗ್ಲಿಷಿನ ‘ಕೆ’ಗೂ ಅವೇ ಅಲ್ವಾ? ಮಗಳು ಬರೆದಿದ್ದು ಸರಿಯಾಗಿಯೇ ಇದೆ. ಯಂತ್ರ ಇಂಗ್ಲಿಷ್ ಟೇಬಲ್ (ಯಾವ ಚುಕ್ಕಿಗೆ ಯಾವ ಅಕ್ಷರ ಅನ್ನೋ ಪಟ್ಟಿ) ಹಿಡಿದು ಓದುತ್ತಿದೆ, ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ ಬ್ರೈಲ್ ಟೇಬಲನ್ನು ಕನ್ನಡಕ್ಕೆ ಬದಲಿಸಿ. ಬರೆಯೋದಕ್ಕೊಂದು, ಓದೋದಕ್ಕೊಂದು ಇದ್ದರೆ ಎರಡನ್ನೂ ಬದಲಿಸಿ. ಮೈಸೂರಿನ ಮನೆಯಲ್ಲಿ ನಾನು ಒಂದನ್ನೇ ಬದಲಿಸಿ ಇಡೀ ಸಂಜೆ ಒದ್ದಾಡಿದ್ದೆ.

ಆಮೇಲೂ ಒತ್ತಕ್ಷರ ತಪ್ಪಿದರೆ, ‘ಕ’ವನ್ನು ‘ಕ್’ ಮಾಡುವ 4ನೇ ಚುಕ್ಕಿಯನ್ನು ಬೆರಳಿಟ್ಟು ನೋಡಲು ಹೇಳಿ. ‘ಅಕ್ಕ’ ಬರೆಯುವಾಗ ಅದು ಎರಡು ‘ಕ’ಗಳ ನಡುವೆ ಅಲ್ಲ, ಮೊದಲ ‘ಕ’ಕ್ಕಿಂತ ಮುಂಚೆ ಬರಬೇಕು.