ವಾಹನ ಪ್ರಶ್ನೋತ್ತರ: ಗೇರ್‌ಬಾಕ್ಸ್ ಇಳಿಸುವ ಮುನ್ನ

ಪ್ರಶ್ನೆ: ನಮ್ಮಲ್ಲಿ 2003ರ ಟೊಯೋಟಾ ಕ್ವಾಲಿಸ್ ಇದೆ. ಈ ಮಳೆಗಾಲದಿಂದೀಚೆಗೆ ಬೆಳಿಗ್ಗೆ ಗಾಡಿ ಚಾಲೂ ಮಾಡಿ ರಿವರ್ಸ್ ಹಾಕಲು ಹೋದರೆ ಗೇರ್ ಕರ್ರೆನ್ನುತ್ತದೆ. ಕ್ಲಚ್ ಪೆಡಲನ್ನು ಎರಡು ಮೂರು ಸಲ ಒತ್ತಿ ಬಿಟ್ಟ ಮೇಲೆ ಸಲೀಸಾಗಿ ಬೀಳುತ್ತದೆ. ಗೇರಿನಲ್ಲಿಟ್ಟು ಕ್ಲಚ್ ಒತ್ತಿಕೊಂಡು ನಿಂತರೆ ಸ್ವಲ್ಪ ಹೊತ್ತಿನಲ್ಲಿ ಗಾಡಿ ತಾನಾಗಿಯೇ ಮುಂದಕ್ಕೆ ಜಗ್ಗುತ್ತದೆ. ಕ್ಲಚ್ಚಿನ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿಲ್ಲ, ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಬಹುದೇ?
– ಕಾಫಿ ಬೆಳೆಗಾರರು, ಬಣಕಲ್, ಮೂಡಿಗೆರೆ ತಾಲ್ಲೂಕು

ಉತ್ತರ: ಈಗಲೇ ಒಪ್ಪಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಒಂದು ಬಹಳ ಮುಖ್ಯವಾದುದು: ಪೆಡಲನ್ನು ಎರಡು ಮೂರು ಸಲ ಒತ್ತಿದ ಮೇಲೆ ಗೇರ್ ಸರಿಯಾಗಿ ಬೀಳುತ್ತದೆ ಎಂಬುದು. ಪ್ರೆಷರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಭಾಗ) ಸ್ಪ್ರಿಂಗ್ ಬೆರಳುಗಳು ಸವೆದಿದ್ದರೆ, ಫೋರ್ಕ್ (ಬೇರಿಂಗನ್ನು ದೂಡುವ ಕವಲು) ಬಗ್ಗಿದ್ದರೆ ಅಥವಾ ಕ್ಲಚ್ ಪ್ಲೇಟ್ ಸೊಟ್ಟಗಾಗಿದ್ದರೆ ಪೆಡಲನ್ನು ಎಷ್ಟು ಸಲ ಒತ್ತಿದರೂ ಫಲಿತಾಂಶ ಒಂದೇ ಆಗಿರುತ್ತದೆ. ಒತ್ತಿ ಒತ್ತಿ ಸರಿಹೋಗುವ ದೋಷ ಸಾಮಾನ್ಯವಾಗಿ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವ) ಭಾಗದಲ್ಲಿರುತ್ತದೆ, ಮತ್ತು ಅದನ್ನು ಸರಿಪಡಿಸಲು ಗೇರ್‌ಬಾಕ್ಸನ್ನು ಮುಟ್ಟಬೇಕಾದ ಅಗತ್ಯವೇ ಇರುವುದಿಲ್ಲ.

ನಿಮ್ಮ ಗಾಡಿಯಲ್ಲಿ ಪೆಡಲಿನಿಂದ ಕ್ಲಚ್‌ವರೆಗೆ ಕೇಬಲ್ ಇಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದಕ್ಕೆ ಹೋಗಿ, ಪೈಪ್ ಮತ್ತು ರಬ್ಬರ್ ಹೋಸ್ ಮೂಲಕ ಬ್ರೇಕ್ ಆಯಿಲನ್ನು ಗೇರ್‌ಬಾಕ್ಸ್ ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರಿಗೆ ತಳ್ಳುತ್ತದೆ. ಅಲ್ಲಿಂದ ಹೊರಚಾಚಿರುವ ಸಣ್ಣ ಸರಳು ಫೋರ್ಕನ್ನು ದೂಡುತ್ತದೆ. ಆ ಸರಳಿನ ಒಟ್ಟು ಚಲನೆಯೇ ಒಂದು ಸೆಂಟಿಮೀಟರಿನ ಆಸುಪಾಸು. ಹಾಗಾಗಿ ಎಲ್ಲೋ ಎರಡು ಮೂರು ಮಿಲಿಮೀಟರ್ ಕಳೆದುಹೋದರೂ ಕ್ಲಚ್ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳದೆ ಎಂಜಿನ್ನಿನ ಜೊತೆ ಉಜ್ಜುತ್ತಾ ತಿರುಗುತ್ತಲೇ ಇರುತ್ತದೆ. ಗಾಡಿ ಜಗ್ಗುವುದು, ರಿವರ್ಸ್ ಕರ್ರೆನ್ನುವುದು ಇದರಿಂದಲೇ.

ಆದ್ದರಿಂದ ಮೊದಲು ಆ ಸರಳನ್ನು ಕಣ್ಣಾರೆ ನೋಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಒಬ್ಬರು ಪೆಡಲನ್ನು ನಿಧಾನವಾಗಿ ಕೊನೆಯವರೆಗೆ ಒತ್ತಿ ಹಿಡಿಯಲಿ; ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನಿಂದ ನೋಡಲಿ. ಸರಳು ಹೊರಬರುವ ಜಾಗದಲ್ಲಿ ಚಾಕ್‌ಪೀಸಿನಿಂದ ಗುರುತು ಮಾಡಿಕೊಂಡರೆ ಅಳತೆ ಸುಲಭ. ಬೆಳಗಿನ ಮೊದಲ ಒತ್ತಿಗೆ ಸರಳು ಎಷ್ಟು ಚಲಿಸುತ್ತದೆ, ನಾಲ್ಕನೆಯ ಒತ್ತಿಗೆ ಎಷ್ಟು ಚಲಿಸುತ್ತದೆ ಎಂಬುದನ್ನು ಹೋಲಿಸಿ. ನಾಲ್ಕನೆಯದು ಹೆಚ್ಚಾಗಿದ್ದರೆ ದೋಷ ಹೈಡ್ರಾಲಿಕ್ ಭಾಗದ್ದೆಂದು ತಿಳಿಯಿರಿ. ಮೊದಲ ಒತ್ತಿನಿಂದಲೇ ಸರಳು ಪೂರ್ತಿ ಚಲಿಸಿಯೂ ಗೇರ್ ಕರ್ರೆಂದರೆ ಮಾತ್ರ ಮೆಕ್ಯಾನಿಕ್ ಹೇಳಿದ ಮಾತಿಗೆ ಆಧಾರವಿದೆ. ಕೆಲವೇ ನಿಮಿಷಗಳ ಈ ಪರೀಕ್ಷೆಯನ್ನು ಮಾಡದೆ ಕ್ಲಚ್ ಸೆಟ್ ಖರೀದಿಸುವುದು ತಪ್ಪು ಎಂದೇ ನನ್ನ ದೃಢವಾದ ಅಭಿಪ್ರಾಯ. ಸೆಟ್ ಬದಲಿಸಿದ ಮೇಲೂ ಅದೇ ಸದ್ದು ಉಳಿದುಕೊಂಡಿತೆಂದು ನೊಂದು ಬರೆಯುವ ಓದುಗರು ಈ ಅಂಕಣಕ್ಕೆ ಹೊಸಬರಲ್ಲ.

ಆಯಿಲ್ ಇಳಿದಿಲ್ಲವಾದರೆ ಸೋರಿಕೆ ಎಲ್ಲಿಂದ ಬರಬೇಕು ಎಂದು ನಿಮಗೆ ಅನುಮಾನ ಬರಬಹುದು. ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೆ ಹಾಕಿರುವ ರಬ್ಬರ್ ಕಪ್ಪಿನ (ಬಟ್ಟಲಿನಾಕಾರದ ಸೀಲ್) ಅಂಚು ಸವೆದಾಗ ಅಥವಾ ಬಿರುಸಾದಾಗ, ಒತ್ತಡಕ್ಕೆ ಸಿಕ್ಕ ಆಯಿಲ್ ಕಪ್ಪಿನ ಅಂಚಿನಿಂದ ಹಿಂದಕ್ಕೆ ನುಸುಳಿ ಮತ್ತೆ ಡಬ್ಬಿಯ ಕಡೆಗೇ ಹೋಗುತ್ತದೆ. ಹೊರಗೆ ಹನಿ ಬೀಳುವುದಿಲ್ಲ, ಮಟ್ಟವೂ ಇಳಿಯುವುದಿಲ್ಲ. ಚಳಿಗೆ ರಬ್ಬರ್ ಇನ್ನಷ್ಟು ಬಿರುಸಾಗುವುದರಿಂದ ಬೆಳಿಗ್ಗೆ ತೊಂದರೆ ಹೆಚ್ಚು, ಎಂಜಿನ್ ಬಿಸಿಯಾದ ಮೇಲೆ ಕಡಿಮೆ. ಇದನ್ನು ಖಚಿತಪಡಿಸಿಕೊಳ್ಳಲು, ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ, ಏಳೆಂಟು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. (ಒತ್ತಿದ ತಕ್ಷಣವೇ ಹಾಕಿದರೆ ಗೇರ್‌ಬಾಕ್ಸಿನ ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿರುವುದರಿಂದ ಒಳ್ಳೆಯ ಗಾಡಿಯೂ ಸದ್ದು ಮಾಡೀತು.) ಅನಂತರ ನ್ಯೂಟ್ರಲ್‌ಗೆ ತಂದು, ಪೆಡಲನ್ನು ಬಿಡದೆ ಒಂದು ನಿಮಿಷ ಹಾಗೆಯೇ ಒತ್ತಿ ಹಿಡಿದು, ಮತ್ತೆ ರಿವರ್ಸ್ ಹಾಕಿ. ಮೊದಲ ಸಲ ಸದ್ದಿಲ್ಲದೆ ಬಿದ್ದು ಎರಡನೆಯ ಸಲ ಕರ್ರೆಂದರೆ ಆಯಿಲ್ ಕಪ್ಪನ್ನು ದಾಟಿ ನುಸುಳುತ್ತಿರುವುದು ಬಹುತೇಕ ಖಚಿತ. ಕ್ಲಚ್ ಒತ್ತಿ ನಿಂತಾಗ ಸ್ವಲ್ಪ ಹೊತ್ತಿಗೆ ಗಾಡಿ ಜಗ್ಗುತ್ತದೆ ಎಂದು ನೀವು ಬರೆದಿರುವುದೂ ಇದನ್ನೇ ಸೂಚಿಸುತ್ತದೆ.

ಆದರೂ ಸ್ಲೇವ್ ಸಿಲಿಂಡರನ್ನು ಬಿಟ್ಟುಬಿಡಬೇಡಿ. ಅದರ ತುದಿಯ ರಬ್ಬರ್ ಟೊಪ್ಪಿಗೆಯನ್ನು ಬೆರಳಿನಿಂದ ಸರಿಸಿ ನೋಡಿ. ಒಳಗೆ ಒದ್ದೆ ಇದ್ದರೆ ಅಲ್ಲಿಯ ಕಪ್ಪು ಸೋತಿದೆ. ಸೋರಿಕೆ ಸಣ್ಣದಿದ್ದಾಗ ಆಯಿಲೆಲ್ಲ ಈ ಟೊಪ್ಪಿಗೆಯೊಳಗೇ ಸೇರಿಕೊಳ್ಳುವುದರಿಂದ ನೆಲದ ಮೇಲೆ ಹನಿ ಕಾಣದಿರುವುದು ಸಹಜ. ಮಾಸ್ಟರ್ ಸಿಲಿಂಡರಿನ ಹಿಂಭಾಗ ಸೋರಿದರೆ ಆಯಿಲ್ ಕ್ಯಾಬಿನ್ನಿನ ಒಳಗೆ ಪೆಡಲಿನ ಕಡೆ ಇಳಿಯುತ್ತದೆ; ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುವ ದ್ರವವಾದ್ದರಿಂದ ಸಿಲಿಂಡರಿನ ಕೆಳಗೆ ಪೇಂಟ್ ಉಬ್ಬಿ ಸುಲಿದಿದ್ದರೆ ಸೋರಿಕೆ ಹಳೆಯದೆಂದು ಅರ್ಥ. ಕಂಡ ಒದ್ದೆ ಯಾವುದರದೆಂದು ಗೊತ್ತಾಗದಿದ್ದರೆ ಅದರ ಒಂದು ಹನಿಯನ್ನು ಲೋಟದ ನೀರಿಗೆ ಬಿಡಿ: ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ, ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಮೇಲೆ ತೇಲುತ್ತವೆ.

ರಬ್ಬರ್ ಹೋಸನ್ನೂ ಗಮನಿಸಿ. ಪೆಡಲ್ ಒತ್ತಿದಾಗ ಅದು ಕೈಗೆ ಉಬ್ಬಿದಂತೆ ಸಿಕ್ಕರೆ ಅಷ್ಟು ಒತ್ತಡ ಅಲ್ಲೇ ವ್ಯರ್ಥವಾಗುತ್ತಿದೆ. ಹೋಸನ್ನು ಕ್ಲ್ಯಾಂಪಿನಿಂದ ಅದುಮಿ ಮಾಸ್ಟರನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಪದ್ಧತಿಯೊಂದಿದೆ. ಇಪ್ಪತ್ತು ವರ್ಷ ಹಳೆಯ ಹೋಸಿಗೆ ಅದು ಬೇಡ, ಒಳಪದರ ಹರಿದು ಹೊಸ ತೊಂದರೆ ಹುಟ್ಟುತ್ತದೆ.

ರಿಪೇರಿಯ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಸಿಲಿಂಡರನ್ನು ಬಿಚ್ಚಿಸಿ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಗೋಡೆ ನುಣುಪಾಗಿದ್ದರೆ ರಿಪೇರಿ ಕಿಟ್ ಸಾಕು. ತುಕ್ಕಿನ ಗುಳಿಗಳು ಉಗುರಿಗೆ ತಾಕುವಂತಿದ್ದರೆ ಹೊಸ ಕಪ್ಪು ಕೆಲವೇ ತಿಂಗಳಲ್ಲಿ ಮತ್ತೆ ಹರಿಯುತ್ತದೆ, ಆಗ ಇಡೀ ಸಿಲಿಂಡರನ್ನೇ ಬದಲಿಸಬೇಕು. ಮಲೆನಾಡಿನ ಗಾಡಿಗಳಲ್ಲಿ ಇಂಥ ಗುಳಿಗಳು ಹೆಚ್ಚು, ಏಕೆಂದರೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಿಮ್ಮ ಕಡೆ ತಿಂಗಳುಗಟ್ಟಲೆ ತೇವಕ್ಕೆ ಕೊರತೆಯಿಲ್ಲ. ಮಾಸ್ಟರ್ ಸೋತಿದ್ದರೆ ಅಷ್ಟೇ ವಯಸ್ಸಿನ ಸ್ಲೇವ್ ಮತ್ತು ಹೋಸನ್ನೂ ಒಟ್ಟಿಗೇ ಮುಗಿಸಿಕೊಳ್ಳುವುದು ಮೇಲು. ಹೊಸ ಮಾಸ್ಟರಿನ ಪೂರ್ತಿ ಒತ್ತಡಕ್ಕೆ ಹಳೆಯ ಸ್ಲೇವಿನ ಕಪ್ಪು ಬಹಳ ದಿನ ತಡೆಯುವುದಿಲ್ಲ. ಕೊನೆಗೆ ಪೈಪಿನಲ್ಲಿ ಸೇರಿಕೊಂಡ ಏರ್ ತೆಗೆಸುವಾಗ ಪೆಡಲನ್ನು ಬಿಡುವ ಮುನ್ನವೇ ಸ್ಲೇವಿನ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಗಿಯಬೇಕು, ಡಬ್ಬಿ ಖಾಲಿಯಾಗದಂತೆ ತುಂಬಿಸುತ್ತಿರಬೇಕು, ಗುಳ್ಳೆಗಳು ಪೂರ್ತಿ ನಿಂತು ತಿಳಿ ಆಯಿಲ್ ಬರುವವರೆಗೆ ಕೆಲಸ ನಿಲ್ಲಿಸಬಾರದು.

ಪ್ರಶ್ನೆ: ನನ್ನ ಹಳೆಯ ಟಾಟಾ ಸುಮೋ ಶಿರಾಡಿ ಘಾಟಿಯಲ್ಲಿ ಲೋಡ್ ಹೊತ್ತು ಹತ್ತುವಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದೂ ಮಾಸ್ಟರ್ ಸಿಲಿಂಡರಿನ ದೋಷವೇ?
– ವಾಹನ ಚಾಲಕರು, ಸಕಲೇಶಪುರ

ಉತ್ತರ: ಇದು ಮೇಲಿನದಕ್ಕೆ ತದ್ವಿರುದ್ಧವಾದ ದೋಷ. ಅಲ್ಲಿ ಕ್ಲಚ್ ಬಿಡಿಸಿಕೊಳ್ಳುತ್ತಿಲ್ಲ, ಇಲ್ಲಿ ಹಿಡಿದುಕೊಳ್ಳುತ್ತಿಲ್ಲ. ಕಾರಣ ಹೆಚ್ಚಾಗಿ ಸವೆದ ಕ್ಲಚ್ ಪ್ಲೇಟ್, ಇಲ್ಲವೇ ಎಂಜಿನ್ನಿನ ಹಿಂಬದಿಯ ಸೀಲಿನಿಂದ ಪ್ಲೇಟಿಗೆ ತಾಕಿದ ಆಯಿಲ್. ಇವೆರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು. ಆದರೆ ಅದಕ್ಕೂ ಮುನ್ನ ಒಂದು ಪರೀಕ್ಷೆ ಮಾಡಿ. ಪೆಡಲಿಗೂ ಮಾಸ್ಟರಿನ ಪಿಸ್ಟನ್ನಿಗೂ ನಡುವೆ ಇರಬೇಕಾದ ಸ್ವಲ್ಪ ಸಡಿಲ ಇಲ್ಲದಿದ್ದರೆ, ಅಥವಾ ಹೋಸಿನ ಒಳಪದರ ಊದಿಕೊಂಡು ಆಯಿಲ್ ವಾಪಸ್ ಹೋಗಲು ಬಿಡದಿದ್ದರೆ, ಪೆಡಲಿನಿಂದ ಕಾಲು ತೆಗೆದ ಮೇಲೂ ಸ್ಲೇವಿನಲ್ಲಿ ಒತ್ತಡ ಉಳಿದು ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಕ್ಲಚ್ ಜಾರುತ್ತಿರುವ ಹೊತ್ತಿನಲ್ಲೇ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಪೆಡಲ್ ಮುಟ್ಟದೆ ಸ್ಲೇವಿನ ನಿಪ್ಪಲನ್ನು ಸಡಿಲಿಸಿ. ಆಯಿಲ್ ಚಿಮ್ಮಿದರೆ ದೋಷ ಹೈಡ್ರಾಲಿಕ್ ಭಾಗದಲ್ಲಿದೆ. ಸುಮ್ಮನೆ ಜಿನುಗಿದರೆ ಕ್ಲಚ್ ಪ್ಲೇಟಿಗೆ ಸಿದ್ಧರಾಗಿ. ಯಾವುದೇ ಆದರೂ ಇದೇ ಸ್ಥಿತಿಯಲ್ಲಿ ಲೋಡ್ ಹಾಕಿಕೊಂಡು ಘಾಟಿ ಹತ್ತಬೇಡಿ. ಬಿಸಿಗೆ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಚಕ್ರ) ಕೂಡ ಹಾಳಾಗುತ್ತದೆ.

ಪ್ರಶ್ನೆ: ಕ್ಲಚ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಎಂದಿದೆ. ಅಂಗಡಿಯಲ್ಲಿ ಡಾಟ್ 4 ಮಾತ್ರ ಸಿಕ್ಕಿತು. ಹಾಕಬಹುದೇ? ತುರ್ತಿಗೆ ಎಂಜಿನ್ ಆಯಿಲ್ ನಡೆಯುತ್ತದೆಯೇ?
– ಓದುಗರು, ಅರಸೀಕೆರೆ

ಉತ್ತರ: ಡಾಟ್ 4 ಹಾಕಬಹುದು. ಎರಡೂ ಗ್ಲೈಕಾಲ್ ಆಧಾರಿತ ದ್ರವಗಳು, ಪರಸ್ಪರ ಬೆರೆಯುತ್ತವೆ. ಹೊಸದಾಗಿದ್ದಾಗ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು 230 ಡಿಗ್ರಿ ಇರಬೇಕೆಂಬುದು ನಿಯಮ. ಸಿಲಿಕೋನ್ ಆಧಾರಿತ ಡಾಟ್ 5 ಮಾತ್ರ ಬೆರೆಸಬಾರದು. ಎಂಜಿನ್ ಆಯಿಲನ್ನು ಯಾವ ತುರ್ತಿಗೂ ಹಾಕಬೇಡಿ. ಅದು ತಾಕಿದರೆ ಕಪ್ಪುಗಳ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ, ಆಮೇಲೆ ಮಾಸ್ಟರ್, ಸ್ಲೇವ್, ಹೋಸ್ ಎಲ್ಲವನ್ನೂ ಬದಲಿಸಿ ಪೈಪ್ ತೊಳೆಯಬೇಕಾಗುತ್ತದೆ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್‌ಗೂ ಒಂದೇ ಡಬ್ಬಿ ಇರುವುದರಿಂದ ಇಂಥ ತಪ್ಪು ಪ್ರಾಣಕ್ಕೇ ಅಪಾಯ ತಂದೀತು.

ಪ್ರಶ್ನೆ: ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯ ಕ್ಲಚ್ ಪೆಡಲ್ ಗಟ್ಟಿಯಾಗಿಯೇ ಇದೆ, ಸ್ಲೇವಿನ ಸರಳೂ ಪೂರ್ತಿ ಚಲಿಸುತ್ತದೆ, ಆದರೆ ಗೇರ್ ಬೀಳುವುದೇ ಇಲ್ಲ. ಏನು ಮಾಡಲಿ?
– ಓದುಗರು, ಕಳಸ

ಉತ್ತರ: ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡಿರಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗಲು ಬಿಟ್ಟು, ಆರಿಸಿ, ಮುಂದೆ ಯಾರೂ ಏನೂ ಇಲ್ಲದ ವಿಶಾಲವಾದ ಬಯಲಿನಲ್ಲಿ ಎರಡನೆಯ ಗೇರ್ ಹಾಕಿ, ಕ್ಲಚ್ ಒತ್ತಿಕೊಂಡೇ ಚಾಲೂ ಮಾಡಿ. ಗಾಡಿ ಹೊರಡುತ್ತದೆ, ಕ್ಲಚ್ ಒತ್ತಿಯೇ ಇಟ್ಟು ಆಕ್ಸಿಲರೇಟರನ್ನು ಒತ್ತುತ್ತಾ ಬಿಡುತ್ತಾ ಹೋದರೆ ಸಾಮಾನ್ಯವಾಗಿ ಪ್ಲೇಟ್ ಬಿಡಿಸಿಕೊಳ್ಳುತ್ತದೆ. ಬಯಲು ಸಿಗದಿದ್ದರೆ ಈ ಪ್ರಯತ್ನ ಬೇಡ, ಮೆಕ್ಯಾನಿಕ್ಕನ್ನೇ ಕರೆಸಿ. ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಶೆಡ್ಡಿನಿಂದ ಹೊರತೆಗೆದು ಒಂದಷ್ಟು ದೂರ ಓಡಿಸಿ.