ಸ್ಲೊವಾಕಿಯಾಕ್ಕೆ ಓದಲು ಬರುವ ತಂಗಿಗೆ

ಧಾರವಾಡದಿಂದ ಒಬ್ಬ ತಂಗಿ ಬರೆದಿದ್ದಾಳೆ. ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಈ ಆಗಸ್ಟ್‌ನಲ್ಲಿ ರಾಜಧಾನಿ ಬ್ರಾಟಿಸ್ಲಾವಾದ ಸ್ಲೊವಾಕ್ ಭಾಷೆಯ ಬೇಸಿಗೆ ಶಾಲೆಗೆ ಸೀಟು ಸಿಕ್ಕಿದೆ. ಆಮೇಲೆ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ, ಪೂರ್ವ ಸ್ಲೊವಾಕಿಯಾದ ಆಡುಮಾತಿನ ಮೇಲೆ ಕೆಲಸ ಮಾಡುವ ಆಸೆ. "ಇಂಗ್ಲಿಷ್ ಸಾಕಾಗುತ್ತದಾ ಅಕ್ಕಾ? ಎಷ್ಟು ತಿಂಗಳು ಕೇಳಲಿ? ಊಟ, ಚಳಿ ಹೇಗೆ? ನಮ್ಮವರು ಯಾರಾದರೂ ಇದ್ದಾರಾ?" ಇಷ್ಟು ಪ್ರಶ್ನೆ.

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಆದರೆ ಇಲ್ಲಿ ನೀನು ಯಾರಿಗೂ ಹಾಗೆ ಶುರು ಮಾಡಬೇಡ. ದೊಡ್ಡವರು ತಾವಾಗಿ ಏಕವಚನಕ್ಕೆ ಒಪ್ಪಿಗೆ ಕೊಡುವ ತನಕ ಬಹುವಚನವೇ. ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡು.

ಬೇಸಿಗೆ ಶಾಲೆ ಸಿಕ್ಕಿದ್ದು ಒಳ್ಳೆಯದಾಯಿತು. ಕೊಮೆನ್ಸ್ಕಿ ವಿಶ್ವವಿದ್ಯಾಲಯದ ಈ ಸ್ಟೂಡಿಯಾ ಅಕಾಡೆಮಿಕಾ ಸ್ಲೊವಾಕಾ 1965ರಿಂದ ನಡೆದು ಬಂದಿದೆ. ಮೂರು ವಾರ. ಬೆಳಿಗ್ಗೆ ಪಾಠ, ಆಮೇಲೆ ಉಪನ್ಯಾಸ, ನಡುವೆ ಊರು ಸುತ್ತಿಸುತ್ತಾರೆ. ಜಾನಪದ ಕುಣಿತವನ್ನೂ ಕಲಿಸುತ್ತಾರೆ, ನಾಚಿಕೆ ಮಾಡಿಕೊಳ್ಳದೆ ಕುಣಿ. ನಿನ್ನ ಪಕ್ಕದಲ್ಲಿ ಕೂರುವವರು ಬೇರೆ ಬೇರೆ ದೇಶಗಳಲ್ಲಿ ಸ್ಲೊವಾಕ್ ಓದುವವರು, ಅನುವಾದಕರು, ಅಜ್ಜ ಮುತ್ತಜ್ಜ ಇಲ್ಲಿಂದ ಅಮೆರಿಕಕ್ಕೆ ಹೋದ ಮನೆಗಳ ಮಕ್ಕಳು. ಈ ವಿಷಯದ ಜಗತ್ತು ಚಿಕ್ಕದು. ಒಂದೇ ಬೇಸಿಗೆಯಲ್ಲಿ ಅರ್ಧ ಜನ ಪರಿಚಯ ಆಗಿಬಿಡುತ್ತಾರೆ. ಯಾವ ದೇಶದಲ್ಲಿ ಪಾಠ ಹೇಳುವ ಹುದ್ದೆ ಖಾಲಿ ಇದೆ, ಯಾರು ನಿವೃತ್ತಿ ಆಗುತ್ತಿದ್ದಾರೆ ಅನ್ನುವ ಸುದ್ದಿ ಪ್ರಕಟಣೆಗಿಂತ ಮೊದಲು ಕಾಫಿ ಹೊತ್ತಿಗೆ ಗೊತ್ತಾಗುತ್ತದೆ.

ಇಂಗ್ಲಿಷ್ ಬ್ರಾಟಿಸ್ಲಾವಾದಲ್ಲಿ ನಡೆಯುತ್ತದೆ. ನಿನ್ನ ಕೆಲಸಕ್ಕೆ ನಡೆಯುವುದಿಲ್ಲ. ನಾನು ಬಂದ ದಿನ ಹಾಸ್ಟೆಲ್ ಬಾಗಿಲಲ್ಲಿ ಕೂತಿದ್ದ ಹೆಂಗಸಿಗೆ ಒಂದು ಪದ ಇಂಗ್ಲಿಷ್ ಬರುತ್ತಿರಲಿಲ್ಲ. ಹಳೇ ಲಕೋಟೆಯ ಹಿಂದೆ ರೂಮ್ ನಂಬರ್ ಬರೆದು ಕೈಗಿಟ್ಟಳು. ನಾನು ಚಪ್ಪಲಿ ಬಿಟ್ಟು ರೂಮಿನೊಳಗೆ ಹೋದದ್ದು ನೋಡಿ ಮೆಚ್ಚಿ ತಲೆ ಆಡಿಸಿದಳು. ಇಲ್ಲೂ ಮನೆಯೊಳಗೆ ಚಪ್ಪಲಿ ಬಿಟ್ಟೇ ಬರಬೇಕು, ನೆಂಟರಿಗೆ ಬೇರೆ ಸ್ಲಿಪ್ಪರ್ ಇಟ್ಟಿರುತ್ತಾರೆ. ಅವತ್ತು ನನಗೆ ಧೈರ್ಯ ಬಂದದ್ದು ಅಷ್ಟರಿಂದಲೇ. ಈಗಿನಿಂದಲೇ ಸ್ಲೊವಾಕೆ ಅನ್ನುವ ಉಚಿತ ಆನ್‌ಲೈನ್ ಪಾಠ ಶುರು ಮಾಡು. ವಿಭಕ್ತಿಗೆ ಹೆದರಬೇಡ, ಆರೇ ಆರು. ಹ್ರಸ್ವ ದೀರ್ಘ ನಮಗೆ ಹುಟ್ಟಿನಿಂದ ಬಂದದ್ದು. ಇಂಗ್ಲಿಷಿನವರು ಒದ್ದಾಡುವ ಕಡೆ ನೀನು ಸಲೀಸಾಗಿ ದಾಟುತ್ತೀಯ.

ಕಾಗದ ಪತ್ರ: ಅಂಕಪಟ್ಟಿಗೆ ಅಪೊಸ್ಟೀಲ್, ಅಂದರೆ ಹೊರದೇಶದಲ್ಲಿ ನಡೆಯಲಿ ಅಂತ ಸರ್ಕಾರ ಹಾಕಿಕೊಡುವ ಮುದ್ರೆ, ಅಲ್ಲಿಂದಲೇ ಮಾಡಿಸಿಕೊಂಡು ಬಾ. ಇಲ್ಲಿ ಮಾನ್ಯತೆ ಇರುವ ಅನುವಾದಕರಿಂದ ಸ್ಲೊವಾಕ್‌ಗೆ ಅನುವಾದ ಮಾಡಿಸಬೇಕಾಗುತ್ತದೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ದೆಹಲಿಯ ರಾಯಭಾರ ಕಚೇರಿಯವರು ಹೇಳಿದ್ದನ್ನೇ ನಂಬು, ನನ್ನನ್ನಲ್ಲ. ಚಳಿಗೆ ಬೂಟು ಇಲ್ಲೇ ತಗೋ. ಊಟಕ್ಕೆ ಹಾಲುಷ್ಕಿ ಅಂತ ಒಂದಿದೆ, ಆಲೂಗಡ್ಡೆ ಹಿಟ್ಟಿನ ಸಣ್ಣ ಮುದ್ದೆಗಳ ಮೇಲೆ ಕುರಿ ಹಾಲಿನ ಚೀಸ್. ಚೆನ್ನಾಗಿರುತ್ತದೆ, ಮೇಲೆ ಹಂದಿ ಕೊಬ್ಬು ಬೇಡ ಅಂತ ಮೊದಲೇ ಹೇಳು. ಜೋಳದ ಹಿಟ್ಟು ಬೇಕಾದರೆ ವಿಯೆನ್ನಾಕ್ಕೆ ಹೋಗಬೇಕು, ರೈಲಿನಲ್ಲಿ ಒಂದು ಗಂಟೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯವರು ಒಮ್ಮೆ ಬಾಗಿಲು ತಟ್ಟಿದ್ದರು, ಈಗ ಅವರೇ ಕೇಳಿ ತಿನ್ನುತ್ತಾರೆ. ಕನ್ನಡದವರು ನಾಲ್ಕು ಮನೆ ಸೇರುತ್ತೇವೆ. ರಾಜ್ಯೋತ್ಸವಕ್ಕೆ ಮಾತ್ರ ತೊಂದರೆ. ನವೆಂಬರ್ 1 ಇಲ್ಲಿ ಸತ್ತವರನ್ನು ನೆನೆಯುವ ರಜೆ. ಇಡೀ ದೇಶ ಮೇಣದಬತ್ತಿ ಹಿಡಿದು ಹುಟ್ಟೂರಿನ ಸಮಾಧಿಗೆ ಹೋಗುತ್ತದೆ. ಆವತ್ತು ರೈಲು ಹತ್ತಬೇಡ.

ಈಗ ಮುಖ್ಯ ಪ್ರಶ್ನೆ, ಎಷ್ಟು ತಿಂಗಳು.

ಸ್ಲೊವಾಕಿಯಾದ ರಾಷ್ಟ್ರೀಯ ಸ್ಕಾಲರ್‌ಶಿಪ್ 2005ರಿಂದ ಇದೆ, ಸಾಯಾ ಅನ್ನುವ ಸಂಸ್ಥೆ ನಡೆಸುತ್ತದೆ. ಹೊರದೇಶದಲ್ಲಿ ಪಿಎಚ್‌ಡಿ ಮಾಡುವವರಿಗೆ ಒಂದರಿಂದ ಹತ್ತು ತಿಂಗಳವರೆಗೆ ಕೊಡುತ್ತಾರೆ. ಕಡಿಮೆ ತಿಂಗಳು ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೂ ಹಾಗೇ ಬುದ್ಧಿ ಹೇಳಿದರು. ಇರುವ ತಿಂಗಳಲ್ಲಿ ಬಹುಪಾಲು ಬ್ರಾಟಿಸ್ಲಾವಾದ ಗ್ರಂಥಾಲಯ, ಮಾರ್ಟಿನ್ ಊರಿನ ರಾಷ್ಟ್ರೀಯ ಗ್ರಂಥಾಲಯ ಅಂತ ಬರೆಸಿದರು. ಪೂರ್ವದ ಪ್ರೆಶೊವ್ ಹತ್ತಿರದ ಹಳ್ಳಿಗೆ ಉಳಿದದ್ದು ಕೊನೆಯ ಕೆಲವೇ ವಾರ.

ಆ ಹಳ್ಳಿಯ ಮಾತಿನ ಹಿನ್ನೆಲೆ ನಿನಗೆ ಗೊತ್ತಿರಬಹುದು. 1787ರಲ್ಲಿ ಬೆರ್ನೊಲಾಕ್ ಅನ್ನುವ ಪಾದ್ರಿ ಸ್ಲೊವಾಕ್‌ಗೆ ಬರಹದ ಭಾಷೆ ಕಟ್ಟಿದ್ದು ಪಶ್ಚಿಮದ ಮಾತಿನ ಮೇಲೆ. 1843ರಲ್ಲಿ ಲ್ಯುದೊವಿತ್ ಷ್ಟೂರ್ ಮತ್ತವನ ಗೆಳೆಯರು ನಡುನಾಡಿನ ಮಾತು ಹಿಡಿದರು, ಅದೇ ನಿಂತಿತು. ಪೂರ್ವದವರ ಮಾತು ಎರಡು ಸಲವೂ ಹೊರಗೇ ಉಳಿಯಿತು. ಬರಹದ ಸ್ಲೊವಾಕ್‌ನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, ಪೂರ್ವದಲ್ಲಿ ಕೊನೆಯಿಂದ ಎರಡನೆಯದರ ಮೇಲೆ. ದೀರ್ಘ ಸ್ವರ ಅಂತೂ ಅಲ್ಲಿ ಇಲ್ಲವೇ ಇಲ್ಲ. ರಾಜಧಾನಿಯಲ್ಲಿ ಈ ಮಾತು ಆಡಿದರೆ ನಗುವವರಿದ್ದಾರೆ. ಬೆಂಗಳೂರಿನಲ್ಲಿ ನಮ್ಮ ಮಾತಿಗೆ ನಗುವುದಿಲ್ಲವಾ, ಹಾಗೆ.

ಹಳ್ಳಿಯಲ್ಲಿ ನನಗೆ ಜಾಗ ಕೊಟ್ಟ ಅಜ್ಜಿ "ಯುನಿವರ್ಸಿಟಿಯವರು" ಬಂದರು ಅಂತ ಇಸ್ತ್ರಿ ಮಾಡಿದ ರವಿಕೆ ಹಾಕಿಕೊಂಡು ಮೇಜಿನ ಮುಂದೆ ಕೂತಳು. ರೆಕಾರ್ಡರ್ ಹಚ್ಚಿದೊಡನೆ ಟಿವಿ ವಾರ್ತೆ ಓದುವವರ ಹಾಗೆ ಮಾತು. ಪ್ರತಿ ದೀರ್ಘವೂ ಜಾಗದಲ್ಲಿ. ಅಷ್ಟರಲ್ಲಿ ಪಕ್ಕದ ಮನೆಯವಳು ಗಸಗಸೆ ಕೇಳಿಕೊಂಡು ಬಂದಳು. ಬಾಗಿಲಲ್ಲಿ ನಿಂತು ಇಬ್ಬರೂ ಮಾತಾಡಿದರು ನೋಡು, ಅರ್ಧ ನನಗೆ ತಿಳಿಯಲಿಲ್ಲ. ಅಜ್ಜಿ ಹೊರಗೆ ಹೋಗುವಾಗ ರೆಕಾರ್ಡರ್ ಆಫ್ ಮಾಡಿಸಿದ್ದಳು. ಕೇಳದೆ ಹಚ್ಚುವ ಹಾಗೂ ಇರಲಿಲ್ಲ. ನನಗೆ ಬೇಕಾದದ್ದೆಲ್ಲ ಆ ಬಾಗಿಲಲ್ಲೇ ನಡೆಯುತ್ತಿತ್ತು. ಬೆಂಗಳೂರಿನ ಸಾಹೇಬರು ಮನೆಗೆ ಬಂದರೆ ನಮ್ಮವ್ವ "ಬರ್ರಿ, ಕುಂದರ್ರಿ" ಬಿಟ್ಟು "ಬನ್ನಿ, ಕುಳಿತುಕೊಳ್ಳಿ" ಅನ್ನುತ್ತಿದ್ದಳು. ನನ್ನನ್ನೂ ಅಲ್ಲಿ ಸಾಹೇಬರ ಸಾಲಿಗೆ ಸೇರಿಸಿದ್ದರು.

ಬಚಾವಾದದ್ದು ಆಲೂಗಡ್ಡೆ ಸುಲಿಯುವ ಕೆಲಸದಿಂದ. ನಾನೂ ಚಾಕು ಹಿಡಿದು ಕೂತೆ. ಹೊರಡುವ ಹೊತ್ತಿಗೆ ಅಜ್ಜಿ ನನ್ನನ್ನು ಬೈಯುವಾಗಲೂ ತನ್ನ ಮಾತಿನಲ್ಲೇ ಬೈಯುತ್ತಿದ್ದಳು. ರೆಕಾರ್ಡರ್ ಇದ್ದರೂ ಪರವಾಗಿಲ್ಲ ಅಂದಳು. ಆಗ ಸ್ಕಾಲರ್‌ಶಿಪ್ ಮುಗಿದಿತ್ತು, ಇಲ್ಲಿ ಇರುವ ಪರ್ಮಿಟ್ ಮುಗಿಯುತ್ತಿತ್ತು. ಮತ್ತೆ ಹೋಗುವಷ್ಟರಲ್ಲಿ ಅವಳಿರಲಿಲ್ಲ. ಪ್ರಬಂಧ ಒಪ್ಪಿದರು, ಹೊಗಳಿದರು ಕೂಡ. ಆದರೆ ಅದರಲ್ಲಿರುವ ಎಷ್ಟೋ ವಾಕ್ಯಗಳನ್ನು ಅವಳು ಪಕ್ಕದ ಮನೆಯವಳಿಗೆ ಹಾಗೆ ಹೇಳುತ್ತಲೇ ಇರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತು. ಆ ಪುಟ ತೆರೆದಾಗ ಈಗಲೂ ಸಂಕಟ ಆಗುತ್ತದೆ.

ಇನ್ನೊಂದು ಮಾತು. ಪೂರ್ವದ ಹಳ್ಳಿಗಳಲ್ಲಿ ರೋಮಾ ಜನ ಇದ್ದಾರೆ. ಅವರ ಭಾಷೆಯ ಬೇರು ನಮ್ಮ ದೇಶದ್ದು, ದುಯ್, ತ್ರಿನ್, ಪಂಜ್ ಅಂತ ಎಣಿಸುವುದನ್ನು ಕೇಳಿದರೆ ನೀನೇ ತಿರುಗಿ ನೋಡುತ್ತೀಯ. ಬಣ್ಣ ನೋಡಿ ನಿನ್ನನ್ನೂ ಅವರಲ್ಲಿ ಒಬ್ಬಳು ಅಂದುಕೊಂಡು ಅನುಮಾನದಿಂದ ನೋಡಬಹುದು. ಅಂಗಡಿಯಲ್ಲಿ ನನ್ನ ಹಿಂದೆಯೇ ಸುತ್ತಿದ ಕಾವಲುಗಾರನೂ ಇದ್ದ. "ನಾನು ಇಂಡಿಯಾದವಳು" ಅಂದರೆ ಬಿಡುತ್ತಾರೆ. ಹಾಗೆ ಹೇಳಿ ಪಾರಾಗುವುದು ನನಗೆ ಸರಿ ಕಾಣಲಿಲ್ಲ. ನೀನು ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು.

ಕೆಲಸದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಸಂಬಳ ಬರುವುದು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಿಂದ. ಸ್ಲೊವಾಕ್ ಸಂಜೆಗೆ, ರಜೆಗೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ ಬಾ.

ಅರ್ಜಿಗೆ ಎರಡು ಗಡುವು, ಅಕ್ಟೋಬರ್ 31 ಮತ್ತು ಏಪ್ರಿಲ್ 30. ಬೇಸಿಗೆ ಶಾಲೆ ಮುಗಿದ ಹುರುಪಿನಲ್ಲಿ ಅಕ್ಟೋಬರ್‌ಗೇ ಹಾಕೋಣ ಅನಿಸುತ್ತದೆ. ಹಾಕಬೇಡ. ಅದರಲ್ಲಿ ಬಂದರೆ ನಿನಗೆ ಸಿಗುವುದು ವಸಂತ, ಬೇಸಿಗೆ. ಆಗ ಹಳ್ಳಿಯವರೆಲ್ಲ ತೋಟದಲ್ಲಿ ಇರುತ್ತಾರೆ. ಆಗಸ್ಟ್‌ನಲ್ಲಿ ಮೇಷ್ಟ್ರುಗಳನ್ನು ಮುಖತಃ ನೋಡಿ ಆಹ್ವಾನ ಪತ್ರದ ಮಾತಾಡಿಕೋ, ಏಪ್ರಿಲ್‌ಗೆ ಅರ್ಜಿ ಹಾಕು, ಸೆಪ್ಟೆಂಬರ್‌ನಲ್ಲಿ ಬಾ. ಚಳಿಗಾಲದ ಸಂಜೆ ಜನ ಮನೆಯೊಳಗೆ ಕೂತು ಮಾತಾಡುತ್ತಾರೆ. ತಿಂಗಳು ಕಡಿಮೆ ಕೇಳಬೇಡ. ಕೇಳಿದ ತಿಂಗಳಲ್ಲಿ ಅರ್ಧ ಹಳ್ಳಿಗೇ ಇಡು, ಗೈಡ್ ಬೇಡ ಅಂದರೂ ಇಡು. ಆಡುಮಾತಿನ ನಿಘಂಟು ಗ್ರಂಥಾಲಯದಲ್ಲಿ ಕಾಯುತ್ತದೆ. ಅದರ ಮೊದಲ ಸಂಪುಟ 1994ರಲ್ಲಿ, ಎರಡನೆಯದು 2006ರಲ್ಲಿ ಬಂತು, ಅದಕ್ಕೇನೂ ಅವಸರ ಇಲ್ಲ.

ಯೋಜನೆಯ ಕರಡು ಬರೆದ ಮೇಲೆ ನನಗೆ ಕಳಿಸು. ತಿಂಗಳ ಲೆಕ್ಕವನ್ನೇ ಮೊದಲು ನೋಡುತ್ತೇನೆ.