ಬಗೆಹರಿಯದ ಕೊಲೆಯ ಬೆನ್ನುಹತ್ತುವ ಆನ್‌ಲೈನ್ ಪತ್ತೇದಾರರು ಅಮಾಯಕರತ್ತಲೇ ಬೊಟ್ಟು ಮಾಡುವುದೇಕೆ?

ನಿರ್ಣಾಯಕ ಸಾಕ್ಷ್ಯವನ್ನು ಪೊಲೀಸರು ಬೇಕೆಂದೇ ಗುಟ್ಟಾಗಿಡುವುದರಿಂದ, ಹವ್ಯಾಸಿಗಳು ಕಣ್ಣಿಗೆ ಬಿದ್ದವರಲ್ಲೇ ಅಪರಾಧಿಯನ್ನು ಹುಡುಕುತ್ತಾರೆ. ಹಾಗೆ ಕಣ್ಣಿಗೆ ಬೀಳುವವರು ಹೆಚ್ಚಾಗಿ ಸತ್ತವರ ಗೆಳೆಯರು, ನೆರೆಹೊರೆಯವರು, ಶಿಕ್ಷಕರು.

ಅಮೆರಿಕದ ಐಡಹೊ ರಾಜ್ಯದ ಮಾಸ್ಕೋ ಎಂಬ ಊರಿನಲ್ಲಿ 2022ರ ನವೆಂಬರ್ 13ರ ನಸುಕಿನಲ್ಲಿ ನಾಲ್ವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೊಲೆಯಾದಾಗ ನಡೆದದ್ದು ಇದೇ. ಅವರಲ್ಲಿ ಇಬ್ಬರು ಯುವತಿಯರು ಅದೇ ರಾತ್ರಿ ತಿಂಡಿ ಗಾಡಿಯ ಮುಂದೆ ನಿಂತಿದ್ದ ವಿಡಿಯೊ ಎಲ್ಲರಿಗೂ ಸಿಕ್ಕಿತ್ತು. ಅದರಲ್ಲಿ ಕಾಣುತ್ತಿದ್ದ ಯುವಕನಿಗೆ ಕೊಲೆಯ ಸಂಬಂಧವಿಲ್ಲವೆಂದು ಪೊಲೀಸರು ಹೇಳಿದರೂ ಜನ ಅವನನ್ನು ಬಿಡಲಿಲ್ಲ. ಭವಿಷ್ಯ ಹೇಳಲು ಬಳಸುವ ಟ್ಯಾರೊ ಕಾರ್ಡ್ ನೋಡಿ ಪ್ರಾಧ್ಯಾಪಕಿಯೊಬ್ಬರ ಮೇಲೆ ಆರೋಪ ಹೊರಿಸಿದವರೂ ಇದ್ದರು, ಆಕೆ ಮಾನನಷ್ಟ ಮೊಕದ್ದಮೆ ಹೂಡಬೇಕಾಯಿತು. ಏನೂ ಮಾಡದವರಿಗೆ ಇದು ನಿಜಕ್ಕೂ ಕ್ರೂರ ಶಿಕ್ಷೆ.

ಪ್ರಕರಣ ಬಿಡಿಸಿದ ಸುಳಿವಾದರೋ ಹಾಸಿಗೆಯ ಮೇಲೆ ಸಿಕ್ಕಿದ್ದ ಚಾಕುವಿನ ಒರೆ. ಅದರ ಗುಂಡಿಯ ಮೇಲಿದ್ದ ಡಿಎನ್‌ಎ ವಿಷಯ ಬಹಿರಂಗವಾದದ್ದು ಡಿಸೆಂಬರ್ 30ರ ಬಂಧನದ ನಂತರ, 2023ರ ಜನವರಿಯಲ್ಲಿ. ಇಂಥ ವಿವರ ಮೊದಲೇ ಹೊರಬಿದ್ದರೆ ಕೊಲೆಗಾರ ಉಳಿದ ಕುರುಹುಗಳನ್ನು ಅಳಿಸಬಹುದು, ಸುಳ್ಳು ತಪ್ಪೊಪ್ಪಿಗೆಯನ್ನು ಗುರುತಿಸುವುದೂ ಕಷ್ಟವಾಗುತ್ತದೆ. ಬಂಧಿತನಾದವನು ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಅಪರಾಧಶಾಸ್ತ್ರ ಓದುತ್ತಿದ್ದವನು. 2025ರ ಜುಲೈನಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು.